ಬ್ಯಾಗ್ ರೆಡಿ ಐತಿ, ಹೊರಾವ್ರು ಯಾರು?

ಮಳಿಗಾಲ ಹತ್ರ ಬಂತಂದ್ರ ನಮ್ಮ ಬಾಗಲಕೋಟಿ ಕಡೆ ವಾಟ್ಸಪ್ ಗ್ರೂಪಿನಾಗ ಒಂದು ಲಿಸ್ಟ್ ಓಡ್ಯಾಡಾಕ ಶುರು ಆಗ್ತೈತಿ. ಹೊಳಿ ಬಂದು ಮನಿ ಬಿಡೋ ಪ್ರಸಂಗ ಬಂದ್ರ ಏನೇನು ಕಟ್ಟಿಟ್ಕೋಬೇಕು ಅಂತ. ಟಾರ್ಚು, ಪವರ್ ಬ್ಯಾಂಕು, ಗುಳಿಗಿ, ಆಧಾರ್ ಕಾರ್ಡ್, ರೇಷನ್ ಕಾರ್ಡ್, ಹೊಲದ ಉತಾರ, ಪಾಸ್‌ಬುಕ್ಕು, ಕಟಕ ರೊಟ್ಟಿ, ಶೇಂಗಾ ಹಿಂಡಿ, ಕುಡಿಯೋ ನೀರು. ಒಳ್ಳೇ ಲಿಸ್ಟ್ ರಿ, ನಾನೂ ಗೊತ್ತಿದ್ದೋರಿಗೆಲ್ಲ ಕಳಸ್ತೀನಿ. ಆದ್ರ ಆ ಲಿಸ್ಟಿನಾಗ ಒಂದು ಸಾಲು ಯಾವಾಗ್ಲೂ ಇರೂದಿಲ್ಲ, ಇದನ್ನೆಲ್ಲಾ ಹೊತ್ಕೊಂಡು ಹೋಗಾವ್ರು ಯಾರು, ಅವ್ರ ಟೊಂಕ ಮೊಣಕಾಲು ಹೆಂಗದಾವು ಅನ್ನೋದು. ನೀರು 10 ಲೀಟರ್ ಅಂದ್ರನ 10 ಕಿಲೋ ಆತು, ಅದರ ಮ್ಯಾಲ ಅರಿವಿ, ಕಾಳು ಕಡಿ, ಮತ್ತೊಂದು ಅಂತ ಹಾಕಿದ್ರ 20 ಕಿಲೋ ಸುಮ್ಮನ ದಾಟತೈತಿ. ಇದು ಬರೇ ಬ್ಯಾಗಿನ ಮಾತು. ಮನ್ಯಾಗ ನಡಿಲಾರದ ಹಿರೇರು ಇದ್ರ ಅವ್ರನ್ನೂ ಎತ್ಕೊಂಡು ಹೋಗಬೇಕಲ್ಲ?

ನಾನು ಸ್ಟಾಫ್ ನರ್ಸ್. ಘಟಪ್ರಭಾ ದಂಡಿ ಮ್ಯಾಲಿನ ಊರುಗಳ ಕಡೇನ ನನ್ನ ನೌಕರಿ ಎಲ್ಲಾ ಕಳದೈತಿ, ವಯಸ್ಸು ಐವತ್ತರ ಆಜುಬಾಜು. ಈ ಮಾತು ಬಾಳ ದಿನದಿಂದ ಮನಸ್ಸಿನಾಗ ಐತಿ, ಇವತ್ತು ಉದ್ದಕ ಬರೀತೀನಿ, ಸ್ವಲ್ಪ ತಡಕೊಂಡು ಓದ್ರಿ.

ಮೊದಲ ನಮ್ಮ ಊರುಗಳ ಪರಿಸ್ಥಿತಿ ನೋಡ್ರಿ. ಹುಡುಗ್ರು ಎಲ್ಲದಾರ? ಬೆಂಗಳೂರು, ಪುಣೆ, ಗೋವಾ, ಮಂಗಳೂರು. ಊರಾಗ ಉಳದವ್ರು ಅಂದ್ರ ಎಪ್ಪತ್ತು ಎಂಬತ್ತು ದಾಟಿದ ಅಪ್ಪ ಅವ್ವ, ಅವ್ರನ್ನ ನೋಡ್ಕೊಳ್ಳೋ ನಲವತ್ತೈದು ಐವತ್ತೈದರ ಮಗ ಸೊಸಿ, ಮತ್ತ ಸಾಲಿಗೆ ಹೋಗೋ ಸಣ್ಣ ಮಕ್ಕಳು. ಅಂದ್ರ ಹೊಳಿ ಬಂದ ದಿನ ಊರಿನ 'ಗಟ್ಟಿಮುಟ್ಟಾದ ತರುಣರು' ನಾವ ಆಗ್ತೀವಿ. ಬಿಪಿ ಗುಳಿಗಿ ನುಂಗಾವ್ರು, ಶುಗರ್ ಇದ್ದವ್ರು, ಪಾವಟಿಗಿ ಹತ್ತೂಮುಂದ ಗೋಡಿ ಹಿಡಿಯಾವ್ರು, ನಾವ ಎತ್ತಬೇಕು, ನಾವ ಹೊರಬೇಕು. ಬ್ಯಾರೇ ಯಾರೂ ಇಲ್ಲ. ಅದಕ್ಕ ನಲವತ್ತು ದಾಟಿದವ್ರು ಮೈ ಗಟ್ಟಿ ಮಾಡ್ಕೊಳ್ಳೋದನ್ನ ಚಂದ ಕಾಣಾಕ, ತೆಳ್ಳಗಾಗಾಕ, ರಿಪೋರ್ಟ್ ನಾರ್ಮಲ್ ಬರಾಕ ಅಂತಷ್ಟ ನೋಡಬ್ಯಾಡ್ರಿ ಅಂತೀನಿ ನಾನು. ಅದು ಮನಿ ಮಂದಿ ಜೀವದ ತಯಾರಿ.

2005, 2009, 2019, 2021. ಈ ಇಸವಿಗಳನ್ನ ನಮ್ಮ ಭಾಗದಾಗ ಯಾರಿಗೂ ಬಿಡಿಸಿ ಹೇಳೋದು ಬ್ಯಾಡ. 2019ರ ಆಗಸ್ಟಿನಾಗಂತೂ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆಲೇ ಬಂದ್ವು, ಗೋಕಾಕ, ಮುಧೋಳ, ಜಮಖಂಡಿ, ರಾಮದುರ್ಗ ಎಲ್ಲಾ ಕಡೆ ನೀರು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಹೊಕ್ಕಿತ್ತು. ಆಲಮಟ್ಟಿ ಡ್ಯಾಮ್ ಪೂರ್ತಿ ತುಂಬಿದ್ರ 519.60 ಮೀಟರ್ ಅನ್ನೋದು ನಮ್ಮ ಸಾಲಿ ಹುಡುಗ್ರಿಗೂ ಬಾಯಿಪಾಠ ಐತಿ, ಹಿಡಕಲ್ ಡ್ಯಾಮಿನಿಂದ ನೀರು ಎಷ್ಟು ಬಿಟ್ರು, ಕೊಯ್ನಾದಾಗ ಮಳಿ ಎಷ್ಟು, ಒಳಹರಿವು ಎಷ್ಟು ಕ್ಯೂಸೆಕ್ ಹೊರಹರಿವು ಎಷ್ಟು ಅಂತ ಕಟ್ಟಿ ಮ್ಯಾಲ ಕುಂತು ದಿನಾ ಲೆಕ್ಕ ಹಾಕ್ತೀವಿ. ಹಾಕಬೇಕು ಕೂಡ. ಅಷ್ಟು ಕಾಳಜಿಲೇ ನಮ್ಮ ಕಾಲಾಗ ಕೈಯಾಗ ಎಷ್ಟು ಶಕ್ತಿ ಉಳದೈತಿ ಅಂತ ಯಾರೂ ಲೆಕ್ಕ ಹಾಕೂದಿಲ್ಲಲ್ಲ, ಅದು ನನಗ ಸಂಕಟ.

2019ರಾಗ ನನ್ನ ಡ್ಯೂಟಿ ಕಾಳಜಿ ಕೇಂದ್ರದಾಗಿತ್ತು, ಅಂದ್ರ ಹೊಳಿ ಬಂದು ಮನಿ ಬಿಟ್ಟವ್ರಿಗೆ ಇರಾಕ ಮಾಡಿದ ಜಾಗ, ಎತ್ತರದಾಗಿನ ಒಂದು ಸಾಲಿ. ಟ್ರ್ಯಾಕ್ಟರಿನಾಗ ಮಂದಿ ಬಂದು ಗೇಟಿನ ಹತ್ರ ಇಳೀತಿದ್ರು, ಅಲ್ಲಿಂದ ರಾಡಿಯೊಳಗ ನಡಕೊಂಡು ಬಂದು ಪಾವಟಿಗಿ ಹತ್ತಿ ವರಾಂಡಕ್ಕ ಬರಬೇಕು. ಒಬ್ಬ ಆಯಿ, ಹಿಂದ ಯಾವಾಗೋ ಟೊಂಕದ ಎಲುಬು ಮುರಕೊಂಡಾಕಿ, ನಿಲ್ಲಾಕೂ ಬರ್ತಿರಲಿಲ್ಲ. ಪ್ಲಾಸ್ಟಿಕ್ ಖುರ್ಚಿ ಮ್ಯಾಲ ಕುಂಡ್ರಿಸಿ ಇಬ್ಬರೂ ಗಂಡಮಕ್ಕಳು ಎತ್ತಿದ್ರು. ಇಬ್ಬರೂ ಐವತ್ತರ ಹತ್ರದವ್ರು, ನೋಡಾಕ ದಪ್ಪಗ ಚೊಲೋನ ಇದ್ರು. ಅರ್ಧ ದಾರಿಗೆ ದೊಡ್ಡಾತಗ ದಮ್ಮು ಹತ್ತಿ ಮುಖ ಎಲ್ಲಾ ಬೆವತು, ಖುರ್ಚಿ ಕೆಳಗ ಇಟ್ಟ. 'ಸಿಸ್ಟರ್, ಎದಿ ಹಿಡದಂಗ ಆಗಾಕತೈತ್ರಿ' ಅಂದ. ಈಗ ನಾನು ಆಯಿನ್ನ ನೋಡ್ಲೋ ಮಗನ್ನ ನೋಡ್ಲೋ? ಆತನ್ನ ಅಲ್ಲೇ ಕುಂಡ್ರಿಸಿ ಬಿಪಿ ಚೆಕ್ ಮಾಡಾಕ ಹತ್ತಿದೆ, ಅಷ್ಟರಾಗ ಹಿಂದಿಂದ ಒಬ್ಬಾಕಿ ಹೆಣ್ಮಗಳು ಬಂದ್ಲು, ಕಬ್ಬು ಕಡಿಯೋ ಗ್ಯಾಂಗಿನಾಗ ದುಡಿಯಾಕಿ, ವಯಸ್ಸು ಹೆಚ್ಚುಕಡಿಮಿ ಅಷ್ಟ. ಸೀರಿ ಕಚ್ಚಿ ಹಾಕ್ಕೊಂಡು, ಖುರ್ಚಿ ಬೆನ್ನಿನ ಕಡೆ ನಿಂತು, ಮೊಣಕಾಲು ಮಡಚಿ ಕುಂತಂಗ ಮಾಡಿ, ಖುರ್ಚಿನ್ನ ಸ್ವಲ್ಪ ಹಿಂದಕ್ಕ ವಾಲಿಸಿ ತನ್ನ ಮೈಗೆ ಆನಿಸ್ಕೊಂಡು ಎದ್ಲು. ಸಣ್ಣ ಮಗ ಮುಂದಿನ ಕಾಲು ಹಿಡದ. ಎಲ್ಲೂ ಇಳಸಲಾರದ ವರಾಂಡದ ತನಕ ಒಯ್ದು ಇಟ್ರು. ದೊಡ್ಡಾತಗ ಪುಣ್ಯಾಕ ಏನೂ ಆಗಲಿಲ್ಲ, ದವಾಖಾನಿಗೆ ಕಳಿಸಿ ಇಸಿಜಿ ಮಾಡಿಸಿದ್ವಿ. ಆದ್ರ ಆ ಮನುಷ್ಯ ಗೋಡಿಗೆ ಆನ್ಕೊಂಡು ತನ್ನ ಅವ್ವನ್ನ ಮಂದಿ ಹೊತ್ಕೊಂಡು ಹೋಗೋದನ್ನ ನೋಡ್ಕೋತ ಕುಂತಿದ್ನಲ್ಲ, ಆ ಮುಖ ನನಗ ಮರ್ಯಾಕ ಆಗಿಲ್ಲ.

ಆ ಹೆಣ್ಮಗಳ ಕಷ್ಟದ ಬಾಳೇವು ಆದರ್ಶ ಅಂತ ನಾನು ಹೇಳಾಕತ್ತಿಲ್ಲ ಮತ್ತ. ಆಕಿಗೂ ಬೆನ್ನು ನೋವಿತ್ತು, ರಕ್ತ ಕಡಿಮಿ ಇತ್ತು, ಹೊಟ್ಟಿತುಂಬ ಊಟ ಇರಲಿಲ್ಲ. ನಾನು ಹೇಳೋದು ಇಷ್ಟ, ಒಂದ ವಯಸ್ಸಿನ ಇಬ್ಬರ ಮೈಯಾಗ ಅಷ್ಟು ಫರಕ್ ಇರತೈತಿ ಅಂದ್ರ ಆ ಫರಕ್ ವಯಸ್ಸಿನಿಂದ ಬಂದಿದ್ದಲ್ಲ. ಭಾರ ಎತ್ತೋ ರೂಢಿ ಇದ್ದ ಮೈಗೂ ಇಲ್ಲದ ಮೈಗೂ ಇರೋ ಫರಕ್ ಅದು.

ಮೂವತ್ತು ದಾಟಿದ ಮ್ಯಾಲ ಏನೂ ಮಾಡಲಾರದ ಕುಂತ್ರ ಹತ್ತು ವರ್ಷಕ್ಕ ಸುಮಾರು ನೂರಕ್ಕ 3ರಿಂದ 8ರಷ್ಟು ಮಾಂಸಖಂಡ ಕರಗತೈತಿ, ಅರವತ್ತರ ನಂತರ ಇನ್ನೂ ಜೋರು. ಹೆಣ್ಮಕ್ಕಳಿಗೆ ಮುಟ್ಟು ನಿಂತ ಮ್ಯಾಲ ಎಲುಬೂ ಸವಿಯಾಕ ಹತ್ತತಾವು. ತೂಕ ಅಷ್ಟ ಇರತೈತಿ, ಕೆಲವೊಮ್ಮೆ ಹೆಚ್ಚೂ ಆಗಿರತೈತಿ, ಒಳಗ ಮಾಂಸಖಂಡ ಹೋಗಿ ಆ ಜಾಗಕ್ಕ ಬೊಜ್ಜು ಕುಂತಿರತೈತಿ, ಅದಕ್ಕ ತಕ್ಕಡಿ ಮ್ಯಾಲ ನಿಂತ್ರ ಗೊತ್ತಾಗೂದಿಲ್ಲ. 2015ರಾಗ ಲ್ಯಾನ್ಸೆಟ್ ಪತ್ರಿಕೆಯೊಳಗ ಒಂದು ದೊಡ್ಡ ಅಧ್ಯಯನ ಬಂತು, 17 ದೇಶದ ಸುಮಾರು 1 ಲಕ್ಷ 40 ಸಾವಿರ ಮಂದಿ, 35ರಿಂದ 70 ವಯಸ್ಸಿನವ್ರು, ನಮ್ಮ ಭಾರತದವ್ರೂ ಅದರಾಗ ಇದ್ರು. ಕೈಮುಷ್ಟಿ ಹಿಡಿತ ಎಷ್ಟು ಗಟ್ಟಿ ಐತಿ ಅಂತ ಅಳದ್ರು. ಹಿಡಿತ ಕಡಿಮಿ ಇದ್ದವ್ರಾಗ ಸಾವು ಹೆಚ್ಚು ಕಂಡು ಬಂತು, ಮುಂದ ಯಾರಿಗೆ ಅಪಾಯ ಐತಿ ಅನ್ನೋದನ್ನ ಮ್ಯಾಲಿನ ಬಿಪಿ ಸಂಖ್ಯೆಗಿಂತ ಈ ಹಿಡಿತಾನ ಚೊಲೋ ಹೇಳ್ತಿತ್ತು. ನಾವು ಬಿಪಿ ನೋಡಿಸ್ಕೋತೀವಿ, ಹಿಡಿತ ನೋಡ್ಕೊಳ್ಳೂದಿಲ್ಲ. ಹೊಳಿ ನೀರಾಗ ಹಗ್ಗ ಹಿಡಕೊಂಡು ದಾಟೋ ಪ್ರಸಂಗದಾಗ ಅದ ಹಿಡಿತಾನ ಬೇಕಾಗೋದು.

ನೀರಿನ ಮಾತು ಬಂತಂತ ಹೇಳ್ತೀನಿ. ಜೋರಾಗಿ ಹರಿಯೋ ನೀರು ಬರೇ 6 ಇಂಚು ಇದ್ರೂ ದೊಡ್ಡ ಮನುಷ್ಯಾನ್ನ ಕೆಡವಬಹುದು. ಪಾದ ಮುಳುಗಿ ಹರಡು ಮುಟ್ಟೋ ನೀರು ಅದು, ಏನಾಗತೈತಿ ಬಿಡು ಅಂತ ಸೇತುವಿ ಮ್ಯಾಲ ಗಾಡಿ ಹಾಕ್ತಾರ. ಮೈ ಎಷ್ಟು ಗಟ್ಟಿ ಇದ್ರೂ ಹರಿಯೋ ನೀರಿಗೆ ಇಳೀಬ್ಯಾಡ್ರಿ, ಫಿಟ್ ಇರೋದು ಹೊಳಿ ಕೂಡ ಜಿದ್ದಿಗೆ ಬೀಳಾಕಲ್ಲ. ನೀರು ಬರೋಕಿಂತ ಮೊದಲ, ಲಗೂನ, ಯಾರ ದಾರಿನೂ ಕಾಯಲಾರದ ಮನಿ ಬಿಟ್ಟು ಎತ್ತರಕ್ಕ ಹೋಗಾಕ ಕಾಲಾಗ ಕಸುವು ಬೇಕು. ಬಾಳ ಮಂದಿ ಕಡೀ ಗಳಿಗಿ ತನಕ ಮನಿ ಬಿಡೂದಿಲ್ಲ, ಎಮ್ಮಿ ಬಿಟ್ಟು ಹೆಂಗ ಬರ್ಲಿ ಅಂತಾರ, ಮನಿ ಹೆಂಗ ಬಿಡ್ಲಿ ಅಂತಾರ, ಅದು ಖರೇ. ಆದ್ರ ಅದರ ಹಿಂದ 'ನನಗ ಅಷ್ಟು ದೂರ ನಡ್ಯಾಕ ಆಗೂದಿಲ್ಲ' ಅನ್ನೋದೂ ಇರತೈತಿ. ಬಾಯಿ ಬಿಟ್ಟು ಹೇಳೂದಿಲ್ಲ ಅಷ್ಟ.

ಎಮರ್ಜೆನ್ಸಿ ಅಂದ್ರ ಬರೇ ಹೊಳಿ ಅಲ್ಲ. ವಿಜಯಪುರದ ಕಡೆ 2021, 2022ರಾಗ ಮ್ಯಾಲಿಂದ ಮ್ಯಾಲ ಸಣ್ಣ ಸಣ್ಣ ಭೂಕಂಪ ಆಗಿ ಮಂದಿ ರಾತ್ರಿ ಮನಿ ಹೊರಗ ಓಡಿ ಬಂದು ನಿಂತಿದ್ರು, ಆಗ ನೆಲದ ಮ್ಯಾಲ ಮಲಗಿದವ್ರು ತಮ್ಮಷ್ಟಕ ತಾವ ಎದ್ದು ಹೊರಗ ಬರಬೇಕಲ್ಲ. ಬ್ಯಾಸಗಿಯೊಳಗ 40 ಡಿಗ್ರಿ ದಾಟೋ ಬಿಸಲು, ಅದರಾಗ ಕರೆಂಟ್ ಹೋಗಿ ಮೋಟರ್ ನಿಂತು ನೀರು ಹೊರೋ ಪಾಳಿ ಬಂದ್ರ, ನಡದು ರೂಢಿ ಇದ್ದ ಎದಿ ತಡಕೊಳ್ಳತೈತಿ, ಇಲ್ಲದ್ದು ತಡಕೊಳ್ಳೂದಿಲ್ಲ. ಇನ್ನ ಮನ್ಯಾಗ ಯಾರಿಗಾದ್ರೂ ಹೃದಯ ನಿಂತು ಬಿದ್ರು ಅಂತಿಟ್ಕೋರಿ. 108ಕ್ಕ ಫೋನ್ ಹಚ್ಚಿ ಎದಿ ಒತ್ತಾಕ ಶುರು ಮಾಡಬೇಕು, ನಿಮಿಷಕ್ಕ 100ರಿಂದ 120 ಸಲ, ಎದಿ ನಡುವಿನ ಎಲುಬು 5 ಸೆಂಟಿಮೀಟರ್ ಕೆಳಗ ಹೋಗೋಹಂಗ. ಎರಡು ನಿಮಿಷ ಖರೇವಂದ್ರ ಒತ್ತಿ ನೋಡ್ರಿ ಗೊಂಬಿ ಮ್ಯಾಲ, ಚೊಲೋ ಗಟ್ಟಿ ಇದ್ದವ್ರ ಭುಜಾನೂ ಬಿದ್ದು ಬರತಾವು, ಅದಕ್ಕ ಎರಡು ನಿಮಿಷಕ್ಕೊಮ್ಮೆ ಮಂದಿ ಬದಲಾಗಬೇಕು ಅಂತ ನಮಗ ಟ್ರೇನಿಂಗ್‌ನಾಗ ಹೇಳ್ತಾರ. ಹಳ್ಳ ತುಂಬಿ ರಸ್ತೆ ಬಂದಾದ್ರ ಅಂಬುಲೆನ್ಸ್ ಬರೋತನಕ ಒತ್ತಾವ್ರು ಮನಿ ಮಂದಿನ. ಮಂಡಿ ಊರಿ ನೆಲಕ್ಕ ಕೂಡಾಕ ಬರಲಾರದವ್ರು ಅದನ್ನ ಹೆಂಗ ಮಾಡ್ತಾರ ಹೇಳ್ರಿ.

'ನಾನು ದಿನಾ ವಾಕಿಂಗ್ ಹೋಗ್ತೀನಲ್ಲ ಸಿಸ್ಟರ್' ಅಂತ ಬಾಳ ಮಂದಿ ಅಂತಾರ. ನವನಗರದಾಗ ಮುಂಜಾನೆ ಐದೂವರಿಗೆ ಎದ್ದು ನೋಡ್ರಿ, ಸೆಕ್ಟರಿನ ರಸ್ತೆ ತುಂಬ ಮಂದಿ, ಬೆಳಗಾವಿ ವ್ಯಾಕ್ಸಿನ್ ಡಿಪೋದಾಗೂ ಹಂಗ. ಅದು ಬಾಳ ಖುಷಿ ಮಾತು, ಬಿಡಬ್ಯಾಡ್ರಿ. ಆದ್ರ ಮಾತಾಡ್ಕೋತ ಸಾವಕಾಶ ಸಪಾಟ ರಸ್ತೆ ಮ್ಯಾಲ ನಡದ್ರ ಭಾರ ಎತ್ತೋ ಶಕ್ತಿ ಬರೂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕ 150ರಿಂದ 300 ನಿಮಿಷ ಸ್ವಲ್ಪ ದಮ್ಮು ಏರೋಹಂಗ ಚಟುವಟಿಕಿ ಮಾಡ್ರಿ ಅಂತೈತಿ, ಆದ್ರ ಅಷ್ಟಕ್ಕ ನಿಲ್ಲಸೂದಿಲ್ಲ. ವಾರಕ್ಕ ಕಮ್ಮೀತ ಕಮ್ಮಿ ಎರಡು ದಿನ ಮಾಂಸಖಂಡ ಗಟ್ಟಿ ಮಾಡೋ ಕೆಲಸಾನೂ ಬೇಕು ಅಂತೈತಿ, ಅರವತ್ತೈದು ದಾಟಿದವ್ರು ತೋಲ ತಪ್ಪಲಾರದಂಗ ನಿಲ್ಲೋ ವ್ಯಾಯಾಮಾನೂ ಮಾಡಬೇಕು ಅಂತೈತಿ. ಈ ಎರಡನೇ ಮಾತು ನಮ್ಮ ಮಂದಿಗೆ ಯಾರೂ ಗಟ್ಟಿಯಾಗಿ ಹೇಳಿಲ್ಲ. ಡಾಕ್ಟರ್ ಸೈತ 'ವಾಕಿಂಗ್ ಮಾಡ್ರಿ' ಅಂತ ಹೇಳಿ ಮುಂದಿನ ಪೇಷಂಟ್ ಕರೀತಾರ.

ಹಂಗಾದ್ರ ಏನು ಮಾಡಬೇಕು? ಜಿಮ್ಮಿಗೆ ಹೋಗಾಕ ಆಗಾವ್ರು ಹೋಗ್ರಿ. ಇಲ್ಲದವ್ರಿಗೆ ಮನ್ಯಾಗ ಎಲ್ಲಾ ಐತಿ. ನನ್ನ ಲೆಕ್ಕದಾಗ ಮೊದಲನೇದು ಬಸ್ಕಿ. ಮೊಣಕಾಲು ನೋವಿದ್ದವ್ರು ಖುರ್ಚಿ ಮ್ಯಾಲಿಂದ ಕೈ ಊರಲಾರದ ಏಳೋದು ಕೂಡೋದು ಅಂತ ಶುರು ಮಾಡ್ರಿ. ಕೈ ಎದಿ ಮ್ಯಾಲ ಕಟ್ಕೊಂಡು 30 ಸೆಕೆಂಡಿನಾಗ ಎಷ್ಟು ಸಲ ಎದ್ದು ಕುಂದ್ರತೀರಿ ಎಣಸ್ರಿ. 60ರಿಂದ 64ರ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮಿ ಮಾಡಿದ್ರ ಅದು ಕಡಿಮಿ ಅಂತ ಲೆಕ್ಕ. ನಲವತ್ತೈದು ಐವತ್ತರವ್ರು ಅದಕ್ಕಿಂತ ಚೊಲೋ ಮಾಡಬೇಕಲ್ಲ. ಮೊಣಕಾಲು ಸವದೈತಿ ಅಂತ ಕಾಲು ಅಳ್ಳಾಡಸಲಾರದ ಕುಂತವ್ರಿಗೆ ನೋವು ಹೆಚ್ಚ ಆಗ್ತೈತಿ, ತೊಡಿ ಮುಂದಿನ ಮಾಂಸಖಂಡ ಗಟ್ಟಿ ಆದಂಗ ಮೊಣಕಾಲಿಗೆ ಆಸರ ಸಿಗತೈತಿ, ಇದನ್ನ ಎಷ್ಟು ಸಲ ಹೇಳಿದ್ರೂ ಕಡಿಮಿನ.

ಎರಡನೇದು ಕೊಡ. ಎರಡೂ ಕೈಯಾಗ ಒಂದೊಂದು ಬಕೆಟ್ ನೀರು ಹಿಡಕೊಂಡು ಬೆನ್ನು ನೆಟ್ಟಗ ಮಾಡಿ ಅಂಗಳದಾಗ ಅಡ್ಡಾಡ್ರಿ. ಮೊದಲ ಅರ್ಧ ಬಕೆಟ್, ಆಮ್ಯಾಲ ಮುಕ್ಕಾಲು, ಹಿಂಗ. ಹಿಡಿತ, ಭುಜ, ಹೊಟ್ಟಿ, ಕಾಲು ಎಲ್ಲಾಕ್ಕೂ ಕೆಲಸ ಬೀಳತೈತಿ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ ಇರತೈತಿ, ಒಳಗಿನ ಗ್ಯಾಸ 14.2 ಕಿಲೋ, ಉಳದಿದ್ದು ಕಬ್ಬಿಣದ್ದು. ನೀರು ಒಳಗ ಬರೋ ಮುಂದ ಅದನ್ನ ಎತ್ತರಕ್ಕ ಇಡೋ ಕೆಲಸ ಬಂದ ಬರತೈತಿ, ಇಬ್ಬರು ಕೂಡಿ ಎತ್ತೋದನ್ನ ಕಲೀರಿ, ಟೊಂಕ ಬಗ್ಗಿಸಿ ಎತ್ತಬ್ಯಾಡ್ರಿ, ಮೊಣಕಾಲು ಮಡಚಿ ಭಾರಾನ್ನ ಮೈ ಹತ್ರ ತಗೊಂಡು ಕಾಲಿಲೇ ಏಳಬೇಕು, ಆ ಹೆಣ್ಮಗಳು ಖುರ್ಚಿ ಎತ್ತಿದಂಗ. ಆಮ್ಯಾಲ ಪಾವಟಿಗಿ. ಮಾಳಗಿ ಹತ್ತಿ ಇಳೀರಿ, ರೂಢಿ ಆದ ಮ್ಯಾಲ ಹೆಗಲಿಗೆ ಅದ ಎಮರ್ಜೆನ್ಸಿ ಬ್ಯಾಗ್ ಹಾಕ್ಕೊಂಡು ಹತ್ರಿ, ಆಗ ಬ್ಯಾಗಿನಾಗ ಏನು ಹೆಚ್ಚಾಗೈತಿ ಅಂತ ತಾನ ಗೊತ್ತಾಗತೈತಿ. ಮತ್ತ ದಿನಾ ಒಂದೆರಡು ಸಲ ನೆಲದ ಮ್ಯಾಲ ಕುಂತು, ಆದಷ್ಟು ಆಸರ ಇಲ್ಲದ ಏಳ್ರಿ. ಡೈನಿಂಗ್ ಟೇಬಲ್ ಬಂದ ಮ್ಯಾಲ ನಮ್ಮ ಮನಿಗಳಾಗ ನೆಲಕ್ಕ ಕೂಡೋದ ತಪ್ಪೈತಿ.

ಎದಿ ನೋವು ಬರಾವ್ರು, ಬಿಪಿ ಕಂಟ್ರೋಲ್ ಇಲ್ಲದವ್ರು, ಆಪರೇಷನ್ ಆದವ್ರು ಡಾಕ್ಟರಿಗೆ ತೋರಿಸಿ ಕೇಳಿನ ಶುರು ಮಾಡ್ರಿ. ಶುಗರ್ ಗುಳಿಗಿ ಅಥವಾ ಇನ್ಸುಲಿನ್ ತಗೊಳ್ಳಾವ್ರು ಕಿಸೇದಾಗ ಬೆಲ್ಲನೋ ಸಕ್ಕರಿನೋ ಇಟ್ಕೋರಿ, ಕೈ ನಡಗಿ ಬೆವರು ಬಂದ್ರ ತಡ ಮಾಡಲಾರದ ತಿನ್ರಿ. ಬ್ಯಾಸಗಿಯೊಳಗ ಹೊತ್ತು ಏರೋಕಿಂತ ಮೊದಲ ಮುಗಸ್ರಿ. ಅವಸರ ಬ್ಯಾಡ, ಆದ್ರ ಬಿಡಬ್ಯಾಡ್ರಿ. ಎರಡು ಮೂರು ತಿಂಗಳು ಬಿಡಲಾರದ ಮಾಡಿದ್ರ ಯಾವ ವಯಸ್ಸಿನಾಗೂ ಶಕ್ತಿ ಏರತೈತಿ, ಅಂದ್ರ ಯುಗಾದಿಗೆ ಶುರು ಮಾಡಿದವ್ರು ಕಾರಹುಣ್ಣಿಮಿ ಹೊತ್ತಿಗೆ ತಮ್ಮ ಮೈಯಾಗಿನ ಫರಕ್ ತಾವ ನೋಡ್ತಾರ. ಹೊಳಿ ಸಾಮಾನ್ಯವಾಗಿ ತುಂಬೋದು ಅದರ ನಂತರನ.

ಹೆಣ್ಮಕ್ಕಳ ಬಗ್ಗೆ ಬ್ಯಾರೆ ಹೇಳಬೇಕು, ಯಾಕಂದ್ರ ಇದರಾಗ ನನ್ನ ಹೊಟ್ಟಿಯೊಳಗಿನ ಉರಿ ಐತಿ. 'ದಿನಾ ಮನಿ ಕೆಲಸ ಮಾಡ್ತೀವಲ್ಲ, ಮತ್ಯಾಕ ವ್ಯಾಯಾಮ' ಅಂತಾರ. ನಮ್ಮ ಅಮ್ಮ ಬೀಸಕಲ್ಲಿನಾಗ ಜ್ವಾಳ ಬೀಸ್ತಿದ್ಲು, ಒಳ್ಳಿನಾಗ ಕುಟ್ಟತಿದ್ಲು, ಹೊಳಿಯಿಂದ ತಲಿ ಮ್ಯಾಲ ಒಂದು ಟೊಂಕದ ಮ್ಯಾಲ ಒಂದು ಕೊಡ ಹೊತ್ತು ತರ್ತಿದ್ಲು. ಇವತ್ತು ಗಿರಣಿ ಐತಿ, ಮಿಕ್ಸಿ ಐತಿ, ನಳ ಐತಿ, ಅದೆಲ್ಲಾ ಬಂದಿದ್ದು ಬಾಳ ಚೊಲೋ ಆತು, ಆ ಕಷ್ಟ ಮತ್ತ ಯಾರಿಗೂ ಬರೋದು ಬ್ಯಾಡ. ಆದ್ರ ಈಗಿನ ಮನಿ ಕೆಲಸ ಅಂದ್ರ ದಿನಪೂರ್ತಿ ನಿಲ್ಲೋದು, ಬಗ್ಗೋದು, ದಣಿಯೋದು. ದಣಿವು ಐತಿ, ಶಕ್ತಿ ಬೆಳ್ಯಾಕತ್ತಿಲ್ಲ. ಹೊಳಿ ಬಂದಾಗ ಕೂಸು ಎತ್ಕೊಳ್ಳಾಕಿ ಹೆಣ್ಮಗಳು, ಅತ್ತಿ ಕೈ ಹಿಡದು ನಡಸಾಕಿ ಹೆಣ್ಮಗಳು, ಮ್ಯಾಲ ಉಟ್ಟ ಸೀರಿ ನೀರು ಕುಡದು ಕಾಲಿಗೆ ಸುತ್ಕೊಂಡಿರತೈತಿ. ಅಂಥಾಕಿಗೆ ಮುಂಜಾನೆ ಅರ್ಧ ತಾಸು ವ್ಯಾಯಾಮಕ್ಕ ಬಿಡ್ರಿ ಅಂದ್ರ ಚಾ ಯಾರು ಮಾಡಬೇಕು ಅಂತಾರ. ಚಾ ನೀವ ಮಾಡ್ಕೋರಿ ಅಣ್ಣಾರ, ಅರ್ಧ ತಾಸಿನಾಗ ಮನಿ ಮುಳಗೂದಿಲ್ಲ. ಅಕ್ಕಾರ, ನೀವೂ ಒಂದು ಜೋಡಿ ಚೂಡಿದಾರ, ಕಾಲಿಗೆ ಗಟ್ಟಿ ಹತ್ತೋ ಚಪ್ಪಲಿ ಅಥವಾ ಬೂಟು ಆ ಬ್ಯಾಗಿನಾಗ ಇಡ್ರಿ, ಯಾರು ಏನಂತಾರ ಅಂತ ನೋಡಬ್ಯಾಡ್ರಿ.

ನಮ್ಮ ಭಾಗಕ್ಕ ಮೈ ಗಟ್ಟಿ ಮಾಡೋದು ಹೊಸದೇನಲ್ಲ. ವಿಜಯಪುರದ ಸಿದ್ಧೇಶ್ವರ ಜಾತ್ರಿಯೊಳಗ ಸಂಕ್ರಾಂತಿ ಮುಂದ ಭಾರ ಎತ್ತೋ ಸ್ಪರ್ಧೆ ನೋಡಾಕ ಎಷ್ಟು ಮಂದಿ ಕೂಡತೈತಿ, ಸಂಗ್ರಾಣಿ ಕಲ್ಲು ಎತ್ತಾವ್ರು, ಜ್ವಾಳದ ಚೀಲ ಎತ್ತಾವ್ರು. ಕಲ್ಲು ಎತ್ತೋ ಹುಡುಗ ಮೊದಲ ಕಲ್ಲಿಗೆ ಕೈ ಮುಗೀತಾನ, ಅಂಗೈಗೆ ಮಣ್ಣು ತಿಕ್ಕೋತಾನ, ಕುಂತು ಕಲ್ಲನ್ನ ತೊಡಿ ಮ್ಯಾಲ ಎಳಕೊಂಡು ಉಸಿರು ಬಿಗಿ ಹಿಡದು ಎದಿಗೆ ತರತಾನ, ಅಲ್ಲಿಂದ ಭುಜಕ್ಕ. ಇಡೀ ಜಾತ್ರಿ 'ಹೌದ ಹುಲಿ' ಅಂತ ಕೂಗತೈತಿ. ಊರೂರಿಗೆ ಗರಡಿ ಮನಿ ಇದ್ವು, ದಂಡ ಬಸ್ಕಿ ಹೊಡದು ತಾಲೀಮು ಮಾಡಿ ಬಂದ ಹುಡುಗ್ರು ಊರಿಗೆ ಬೆಂಕಿ ಬಿದ್ರೂ ಹೊಳಿ ಬಂದ್ರೂ ಮುಂದ ಓಡ್ತಿದ್ರು ಅಂತ ನಮ್ಮ ಅಪ್ಪ ಹೇಳ್ತಿದ್ರು. ಎಷ್ಟೋ ಊರಾಗ ಇವತ್ತು ಆ ಗರಡಿ ಮನಿಗೆ ಕೀಲಿ ಬಿದ್ದೈತಿ, ಇಲ್ಲಾಂದ್ರ ಗಣಪತಿ ಮಂಡಳಿ ಸಾಮಾನು ಇಡೋ ಖೋಲಿ ಆಗೈತಿ. ಇದ್ದಲ್ಲಿ ಸೈತ ಹತ್ತೊಂಬತ್ತು ಇಪ್ಪತ್ತರ ಹುಡುಗ್ರಿಗಷ್ಟ. ಐವತ್ತರವ್ರು ಕಟ್ಟಿ ಮ್ಯಾಲ ಕುಂತು ನಮ್ಮ ಕಾಲಕ್ಕ ಹಂಗಿತ್ತು ಹಿಂಗಿತ್ತು ಅಂತಾರ, ಒಳಗ ಹೋಗೂದಿಲ್ಲ.

'ಎನ್‌ಡಿಆರ್‌ಎಫ್ ಬರ್ತಾರಲ್ಲ' ಅಂತ ಇನ್ನೊಂದು ಮಾತು. ಬರ್ತಾರ, 2019ರಾಗೂ ಬಂದ್ರು, ಬೋಟ್ ತಂದು ಮಂದಿನ್ನ ಹೊರಗ ತಗದ್ರು, ಅವ್ರ ಉಪಕಾರ ಮರ್ಯಾಕ ಆಗೂದಿಲ್ಲ. ಆದ್ರ ನೂರಾರು ಊರು ಒಮ್ಮೆಲೇ ಮುಳಗಿದಾಗ ಒಂದೊಂದು ತಂಡ ಎಲ್ಲಿ ಅಂತ ಹೋಗಬೇಕು? ಮೊದಲಿನ ತಾಸುಗಳಾಗ ನಿಮ್ಮ ಓಣಿಯವ್ರ ನಿಮಗ ಗತಿ. ಮತ್ತ ಬೋಟ್ ಬಂದ ಮ್ಯಾಲೂ ಬೋಟಿಗೆ ಹತ್ತಬೇಕಲ್ಲ, ಕಾಲೆತ್ತಿ ಅಂಚು ದಾಟಿ ಒಳಗ ಇಳಿಯಾಕ ಆಗಲಾರದ ನಾಲ್ಕು ಮಂದಿ ಎತ್ತಿ ಹಾಕೋ ಪ್ರಸಂಗ ಎಷ್ಟೋ ಮಂದಿದು. ಅವ್ರೆಲ್ಲಾ ಮುದುಕರಲ್ಲ.

ನಮ್ಮ ಓಣಿಯಾಗ ನಾವು ಕೆಲವು ಹೆಣ್ಮಕ್ಕಳು ಸಂಜಿ ಮುಂದ ಗುಡಿ ಹಿಂದಿನ ಬಯಲಾಗ ಕೂಡ್ತೀವಿ. ಬಕೆಟ್ ಹಿಡದು ನಡೀತೀವಿ, ಗುಡಿ ಕಟ್ಟಿ ಹತ್ತಿ ಇಳೀತೀವಿ, ಬಸ್ಕಿ ಹೊಡೀತೀವಿ. ಮೊದಲ ಹುಡುಗ್ರು ಫೋನ್ ತಗದು ವಿಡಿಯೋ ಮಾಡಾಕ ಬಂದ್ರು, ಈಗ ಅವ್ರ ಅವ್ವಂದ್ರೂ ನಮ್ಮ ಕೂಡ ಬರಾಕತ್ತಾರ. ವಾರಕ್ಕೊಮ್ಮೆ ಖುರ್ಚಿ ಎತ್ತೋ ಪ್ರಾಕ್ಟೀಸ್ ಮಾಡ್ತೀವಿ. ಒಬ್ಬಾಕಿ ಕುಂದ್ರತಾಳ, ಒಬ್ಬಾಕಿ ಹಿಂದ ಬೆನ್ನಿನ ಪಟ್ಟಿ ಹಿಡೀತಾಳ, ಇನ್ನೊಬ್ಬಾಕಿ ಮುಂದ ಕಾಲು ಹಿಡೀತಾಳ, ಎಣಸಿ ಒಮ್ಮೆಲೇ ಏಳ್ತೀವಿ. ಕಾಲು ಬಿರುಕು ಬಿಟ್ಟ ಖುರ್ಚಿ ತಗೋಬಾರದು, ಕುಂತಾಕಿನ್ನ ಒಂದು ದುಪಟ್ಟಾಲೇ ಖುರ್ಚಿಗೆ ಕಟ್ಟಿದ್ರ ಜಾರೂದಿಲ್ಲ.

ಪಂಚಾಯತಿಯವ್ರಿಗೆ, ಗ್ರಾಮಸಭಾದಾಗ ಮಾತಾಡಾವ್ರಿಗೆ ನಂದು ಎರಡು ಕೇಳಿಕಿ. ಗರಡಿ ಮನಿ ಕೀಲಿ ತಗೀರಿ, ಮುಂಜಾನೆ ಹುಡುಗ್ರಿಗೆ, ಮಧ್ಯಾಹ್ನ ಎರಡು ತಾಸು ಹೆಣ್ಮಕ್ಕಳಿಗೆ, ಸಂಜಿಗೆ ನಲವತ್ತು ದಾಟಿದವ್ರಿಗೆ ಅಂತ ವ್ಯಾಳೆ ಹಚ್ಚರಿ. ಇನ್ನೊಂದು, ಪ್ರತಿ ಓಣಿಯಾಗ ತಮ್ಮಷ್ಟಕ ತಾವು ನಡಿಲಾರದವ್ರು ಯಾರದಾರ, ಅವ್ರನ್ನ ಎತ್ತಾವ್ರು ಯಾವ ಇಬ್ಬರು ಅಂತ ಹೆಸರು ಬರದು ಇಡ್ರಿ. ನಮ್ಮ ಓಣಿದು ನಾವು ಬರದೀವಿ. ಕೆಲವು ಹಿರೇರ ಮುಂದ ಎತ್ತಾವ್ರ ಹೆಸರು ಇನ್ನೂ ಬರದಿಲ್ಲ, ಆ ಮನಿಗಳಿಗೆ ಈ ವಾರ ಹೋಗಿ ಬರ್ತೀವಿ.